ರೆಸ್ಯೂಮೆ ಬರೆಯುವುದು ಹೇಗೆ? ಮಾಡಿದ ಕೆಲಸ ಕಾಗದದ ಮೇಲೆ ಕಾಣಬೇಕು

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದಾಗ ನನ್ನ ಮೇಜಿಗೆ ಬಂದ ರೆಸ್ಯೂಮೆಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು. ಮೇಲೆ ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು ನನ್ನ ಗುರಿ’ ಎಂಬ ಸಾಲು, ಕೆಳಗೆ ಅಂಕಗಳ ಪಟ್ಟಿ, ಅದರ ಕೆಳಗೆ ತಂದೆಯ ಹೆಸರು, ಹವ್ಯಾಸಗಳು, ಕೊನೆಗೊಂದು ಘೋಷಣೆ. ಅದೇ ಹುಡುಗ ಅಥವಾ ಹುಡುಗಿಯನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿಸಿದರೆ, ಊರಿನ ಡೇರಿಯ ಲೆಕ್ಕ ನೋಡಿಕೊಂಡದ್ದು, ಬೆಲ್ಲದ ಮಂಡಿಯಲ್ಲಿ ಬಿಲ್ ಬರೆದದ್ದು, ದಸರಾ ಸಮಯದಲ್ಲಿ ಬಟ್ಟೆ ಅಂಗಡಿಯ ಕೌಂಟರ್ ನಿಭಾಯಿಸಿದ್ದು ಒಂದೊಂದಾಗಿ ಹೊರಬರುತ್ತಿತ್ತು. ಆದರೆ ಅವುಗಳಲ್ಲಿ ಒಂದೂ ಕಾಗದದ ಮೇಲೆ ಇರುತ್ತಿರಲಿಲ್ಲ. ಕಾಗದದಲ್ಲಿ ಇಲ್ಲದ ಕಾರಣಕ್ಕೆ ಎಷ್ಟೋ ಜನ ಸಂದರ್ಶನದ ತನಕ ಬರಲೇ ಇಲ್ಲ. ಈ ಲೇಖನವನ್ನು ಬರೆಯುತ್ತಿರುವುದು ಆ ಕಾರಣಕ್ಕಾಗಿ.

ಮೊದಲು ಕಂಪ್ಯೂಟರ್ ಮುಂದೆ ಕೂರಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ಪಿಯುಸಿ ಮುಗಿದಂದಿನಿಂದ ಇಂದಿನವರೆಗೆ ಸಂಬಳಕ್ಕಾಗಿ, ಮನೆಗಾಗಿ ಅಥವಾ ಕಾಲೇಜಿಗಾಗಿ ಮಾಡಿದ ಎಲ್ಲ ಕೆಲಸಗಳನ್ನೂ ಕನ್ನಡದಲ್ಲಿಯೇ ಬರೆಯಿರಿ. ರೆಸ್ಯೂಮೆಯನ್ನು ಕೊನೆಗೆ ಇಂಗ್ಲಿಷಿನಲ್ಲಿ ಕಳುಹಿಸಬೇಕಾಗಿದ್ದರೂ ಈ ಹಂತ ಕನ್ನಡದಲ್ಲಿ ನಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಇಂಗ್ಲಿಷಿನಲ್ಲಿ ಆರಂಭಿಸಿದವರು ನೆನಪಿಗೆ ಬಂದ ಕೆಲಸವನ್ನು ಬಿಟ್ಟು, ನೆನಪಿಗೆ ಬಂದ ಪದಗಳನ್ನು ಬರೆಯುತ್ತಾರೆ.

ತಲೆಭಾಗಕ್ಕೆ ಹೆಸರು, ಊರು, ಮೊಬೈಲ್ ಸಂಖ್ಯೆ, ನಿಮ್ಮ ಹೆಸರಿನಲ್ಲಿರುವ ಇ-ಮೇಲ್ ವಿಳಾಸ ಸಾಕು. ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆಗಳನ್ನು ಯಾವ ಕಾರಣಕ್ಕೂ ಹಾಕಬೇಡಿ. ಆ ಕಾಗದ ಎಷ್ಟು ಕೈ ದಾಟುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಜಾತಿ, ಧರ್ಮ, ವೈವಾಹಿಕ ಸ್ಥಿತಿಗಳು ಮದುವೆಯ ಬಯೋಡೇಟಾಗೆ ಸೇರಿದವು. ಓದಿನ ವಿವರದಲ್ಲಿ ಇತ್ತೀಚಿನದು ಮೊದಲು ಬರಲಿ. ಸಿಜಿಪಿಎ ಇದ್ದರೆ 10ಕ್ಕೆ ಎಷ್ಟು ಎಂದು ಸ್ಪಷ್ಟವಾಗಿ ನಮೂದಿಸಿ.

ಇನ್ನು ಎಲ್ಲರೂ ಎಡವುವ ಹಂತಕ್ಕೆ ಬರೋಣ. ಮಾಡಿದ ಕೆಲಸವನ್ನು ಸಾಲಾಗಿ ಬರೆಯುವುದು ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ, ಅದಕ್ಕೆ ಎರಡು ಮೂರು ದಿನ ಕೊಡಿ. ನೋಟ್‌ಬುಕ್ಕಿನ ಪ್ರತಿಯೊಂದು ಕೆಲಸದ ಮುಂದೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಏನು ಮಾಡಿದೆ, ಎಷ್ಟು ಮಾಡಿದೆ, ಎಷ್ಟು ದಿನಕ್ಕೊಮ್ಮೆ ಮಾಡಿದೆ, ಯಾವ ಸಾಧನ ಬಳಸಿ ಮಾಡಿದೆ.

ಮದ್ದೂರು ಕಡೆಯ ಹಳ್ಳಿಯ ಬಿ.ಎಸ್ಸಿ. ಪದವೀಧರನೊಬ್ಬ ನಂಜನಗೂಡಿನ ಆಹಾರ ಸಂಸ್ಕರಣಾ ಘಟಕವೊಂದರ ಗುಣಮಟ್ಟ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಾನೆ ಎಂದುಕೊಳ್ಳೋಣ. ಅವನು ಬರೆಯುವುದು ‘ಹಾಲಿನ ಡೇರಿಯಲ್ಲಿ ಕೆಲಸ ಮಾಡಿದ ಅನುಭವವಿದೆ’ ಎಂದು. ನಾಲ್ಕು ಪ್ರಶ್ನೆಗಳಿಗೂ ಉತ್ತರ ಹುಡುಕಿದ ಮೇಲೆ ಅದೇ ಸಾಲು ಹೀಗಾಗುತ್ತದೆ: ‘ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ವರ್ಷ, ಬೆಳಿಗ್ಗೆ ಮತ್ತು ಸಂಜೆ, ಸುಮಾರು 140 ಸದಸ್ಯರ ಹಾಲಿನ ತೂಕ ಹಾಗೂ ಜಿಡ್ಡಿನ ಅಂಶವನ್ನು ಯಂತ್ರದಲ್ಲಿ ಪರೀಕ್ಷಿಸಿ ಕಂಪ್ಯೂಟರಿನಲ್ಲಿ ದಾಖಲಿಸಿದೆ, ಬಟವಾಡೆ ಪಟ್ಟಿ ಸಿದ್ಧಪಡಿಸಿದೆ.’ ಓದುವ ಅಧಿಕಾರಿಗೆ ಇಲ್ಲಿ ಮಾದರಿ ಪರೀಕ್ಷೆ, ದಾಖಲೆ, ಹೊತ್ತಿಗೆ ಸರಿಯಾಗಿ ಹಾಜರಾಗುವ ಶಿಸ್ತು, ಹಣದ ಲೆಕ್ಕ ಎಲ್ಲವೂ ಕಾಣುತ್ತವೆ. ‘ನಾನು ಶಿಸ್ತಿನ ಮನುಷ್ಯ’ ಎಂದು ಪ್ರತ್ಯೇಕವಾಗಿ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಬಿ.ಕಾಂ. ಓದಿದವರು ‘ಟ್ಯಾಲಿ ಬರುತ್ತದೆ’ ಎಂದು, ಅಂದರೆ ಆ ಲೆಕ್ಕಪತ್ರದ ತಂತ್ರಾಂಶ ಗೊತ್ತು ಎಂದಷ್ಟೇ, ಬರೆದು ನಿಲ್ಲಿಸುತ್ತಾರೆ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಆರು ತಿಂಗಳು ಲೆಕ್ಕ ಬರೆದವರಾದರೆ, ದಿನಕ್ಕೆ ಎಷ್ಟು ಖರೀದಿ ಮತ್ತು ಮಾರಾಟದ ನಮೂದುಗಳನ್ನು ಮಾಡಿದಿರಿ, ಬ್ಯಾಂಕಿನ ಪಾಸ್‌ಬುಕ್ಕಿಗೂ ಅಂಗಡಿಯ ಪುಸ್ತಕಕ್ಕೂ ತಾಳೆ ನೋಡಿದಿರೇ, ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರಪಟ್ಟಿ) ಸಲ್ಲಿಸಲು ಮಾರಾಟದ ವಿವರಗಳನ್ನು ನೀವೇ ಜೋಡಿಸಿದಿರೇ ಅಥವಾ ಲೆಕ್ಕಪರಿಶೋಧಕರಿಗೆ ಬಿಲ್‌ಗಳನ್ನು ಕೊಟ್ಟು ಬಂದಿರೇ ಎಂಬುದನ್ನು ಬರೆಯಿರಿ. ಎರಡನೆಯದೇ ನಿಜವಾದರೆ ಎರಡನೆಯದನ್ನೇ ಬರೆಯಬೇಕು. ಮೊದಲನೆಯದನ್ನು ಬರೆದು ಸಂದರ್ಶನದಲ್ಲಿ ಜಿಎಸ್‌ಟಿಆರ್-1ಕ್ಕೂ, ತೆರಿಗೆಯ ಒಟ್ಟು ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿಗೂ ಇರುವ ವ್ಯತ್ಯಾಸ ಹೇಳಲಾಗದೆ ತಲೆತಗ್ಗಿಸಿದವರನ್ನು ನಾನು ಕಂಡಿದ್ದೇನೆ. ಆ ಸಂಕಟ ಯಾರಿಗೂ ಬರಬಾರದು.

ಐಟಿಐ ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಸಾಧನದ ಹೆಸರೇ ಬಲ. ‘ಅಳತೆ ಉಪಕರಣಗಳ ಜ್ಞಾನವಿದೆ’ ಎನ್ನುವುದಕ್ಕಿಂತ, 0.02 ಮಿ.ಮೀ. ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಚಿಕ್ಕ ಅಳತೆ) ಇರುವ ವರ್ನಿಯರ್ ಮತ್ತು 0.01 ಮಿ.ಮೀ. ಮೈಕ್ರೋಮೀಟರ್ ಬಳಸಿ ಒಂದು ಪಾಳಿಯಲ್ಲಿ ಎಷ್ಟು ಬಿಡಿಭಾಗಗಳನ್ನು ಪರಿಶೀಲಿಸುತ್ತಿದ್ದಿರಿ ಎಂದು ಹೇಳಿದರೆ, ಓದುವ ಸೂಪರ್‌ವೈಸರ್ ನಿಮ್ಮನ್ನು ಯಾವ ಯಂತ್ರದ ಬಳಿ ನಿಲ್ಲಿಸಬಹುದು ಎಂದು ಅಲ್ಲಿಯೇ ಯೋಚಿಸತೊಡಗುತ್ತಾರೆ.

ಎಂಜಿನಿಯರಿಂಗ್ ಪ್ರಾಜೆಕ್ಟ್ ನಾಲ್ವರು ಸೇರಿ ಮಾಡಿದ್ದಾದರೆ, ನಾಲ್ವರ ಕೆಲಸದಲ್ಲಿ ನಿಮ್ಮ ಪಾಲು ಯಾವುದು ಎಂಬುದಷ್ಟೇ ಬರಲಿ. ಹಣ ಕೊಟ್ಟು ಸಿದ್ಧ ಪ್ರಾಜೆಕ್ಟ್ ತಂದವರು ಅದನ್ನು ಹಾಕದಿರುವುದೇ ಒಳ್ಳೆಯದು. ‘ಈ ಭಾಗವನ್ನು ಏಕೆ ಹೀಗೆ ಮಾಡಿದಿರಿ?’ ಎಂಬ ಒಂದೇ ಪ್ರಶ್ನೆಗೆ ಅದು ಕುಸಿಯುತ್ತದೆ. ನಿಖರ ಸಂಖ್ಯೆ ನೆನಪಿಲ್ಲದಿದ್ದರೆ ‘ಸುಮಾರು’ ಎಂದು ಬರೆಯಿರಿ, ಆದರೆ ಆ ಅಂದಾಜನ್ನು ಹೇಗೆ ಮಾಡಿದಿರಿ ಎಂದು ಕೇಳಿದರೆ ಹೇಳಲು ಬರಬೇಕು. ಇಂಗ್ಲಿಷಿಗೆ ತರುವಾಗ ಪ್ರತಿ ಸಾಲನ್ನೂ ಕ್ರಿಯಾಪದದಿಂದ ಆರಂಭಿಸಿ, ಎರಡು ಸಾಲು ಮೀರದಂತೆ ನಿಲ್ಲಿಸಿ. ಈ ಕೆಲಸವನ್ನು ಎಐ ಆ್ಯಪ್‌ಗಳಿಗೆ ಒಪ್ಪಿಸುವವರು ಈಗ ಹೆಚ್ಚುತ್ತಿದ್ದಾರೆ. ಕಾಗುಣಿತ ಮತ್ತು ವ್ಯಾಕರಣ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ನೀವು ಹೇಳದ ಸಾಧನೆಯನ್ನು ಅದು ಸೇರಿಸಿದ್ದರೆ ಅದಕ್ಕೆ ಉತ್ತರಿಸಬೇಕಾದವರು ನೀವೇ, ಆದ್ದರಿಂದ ಪ್ರತಿ ಸಾಲನ್ನೂ ನಿಮ್ಮ ನೋಟ್‌ಬುಕ್ಕಿನೊಂದಿಗೆ ಹೋಲಿಸಿ ನೋಡಿ.

ದಿನಾಂಕಗಳಲ್ಲಿ ಸುಳ್ಳು ಬೇಡ. ಭವಿಷ್ಯ ನಿಧಿ ಕಡಿತವಾಗಿರುವ ನೌಕರಿಯಾದರೆ, ನೀವು ಸೇರಿದ ಮತ್ತು ಬಿಟ್ಟ ದಿನಾಂಕಗಳು 12 ಅಂಕಿಯ ಯುಎಎನ್ (ಭವಿಷ್ಯ ನಿಧಿಯಲ್ಲಿ ಪ್ರತಿ ನೌಕರರಿಗೂ ಇರುವ ಸಂಖ್ಯೆ) ಖಾತೆಯ ಸೇವಾ ವಿವರದಲ್ಲಿ ದಾಖಲಾಗಿರುತ್ತವೆ, ಮತ್ತು ಅನೇಕ ಕಂಪನಿಗಳು ನೇಮಕಕ್ಕೆ ಮುನ್ನ ಅದನ್ನು ನೋಡುತ್ತವೆ. ನಕಲಿ ಅನುಭವ ಪತ್ರ ಮಾಡಿಕೊಡುವವರ ಮಾತಿಗೆ ಮರುಳಾದವರು ಕೈಗೆ ಬಂದ ಕೆಲಸವನ್ನು ಕಳೆದುಕೊಂಡಿದ್ದಾರೆ. ತಾಯಿಯ ಅನಾರೋಗ್ಯಕ್ಕೋ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೋ ಒಂದು ವರ್ಷ ಬಿಡುವಾಗಿದ್ದರೆ ಅದನ್ನು ಒಂದೇ ಸಾಲಿನಲ್ಲಿ ಹೇಳಿಬಿಡಿ. ಅಪ್ರೆಂಟಿಸ್ ಆಗಿದ್ದ ಅವಧಿಯನ್ನು ಅಪ್ರೆಂಟಿಸ್ ಎಂದೇ ಬರೆಯಿರಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅದು ತರಬೇತಿ, ಮತ್ತು ಕಾರ್ಖಾನೆಗಳಲ್ಲಿ ಆ ತರಬೇತಿಗೆ ತನ್ನದೇ ಬೆಲೆಯಿದೆ.

ಹೊಸಬರಿಗೆ ಎ4 ಅಳತೆಯ ಒಂದು ಪುಟ, ಹತ್ತು ವರ್ಷ ದುಡಿದವರಿಗೆ ಎರಡು. ಸಾಮಾನ್ಯ ಅಕ್ಷರಶೈಲಿ, 11 ಪಾಯಿಂಟ್ ಗಾತ್ರ, ಒಂದೇ ಅಂಕಣ. ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುವ ಚಿತ್ರಗಳಿರುವ ಉಚಿತ ವಿನ್ಯಾಸಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಅನೇಕ ಸಲ ತಂತ್ರಾಂಶ. ಚಿತ್ರದೊಳಗಿನ ಅಕ್ಷರವೂ ಎರಡು ಅಂಕಣಗಳ ಕೋಷ್ಟಕವೂ ಅದಕ್ಕೆ ಕಲಸುಮೇಲೋಗರವಾಗಿ ಕಾಣಬಹುದು. ಪಿಡಿಎಫ್ ಮಾಡಿದ ಮೇಲೆ ಅದರ ಪಠ್ಯವನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿ ಸಾಲುಗಳು ಕ್ರಮವಾಗಿ ಬಂದರೆ ತಂತ್ರಾಂಶಕ್ಕೂ ಓದಲು ತೊಂದರೆಯಾಗುವುದು ಕಡಿಮೆ. ಶಾಲೆಗೋ ಸಹಕಾರ ಸಂಘಕ್ಕೋ ಪತ್ರಿಕಾ ಕಚೇರಿಗೋ ಕನ್ನಡದಲ್ಲಿ ಕಳುಹಿಸುವವರು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ವರ್ಡ್ ಕಡತವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ.

ಘೋಷಣೆಯ ಸಾಲು ಬೇಡ, ಅರ್ಜಿ ನಮೂನೆಯಲ್ಲಿ ಕೇಳಿದ್ದರೆ ಮಾತ್ರ ಇರಲಿ. ಆರಂಭದ ‘ಗುರಿ’ಯ ಜಾಗದಲ್ಲಿ, ಯಾವ ಹುದ್ದೆಗೆ ಅರ್ಜಿ ಹಾಕುತ್ತಿದ್ದೀರಿ ಮತ್ತು ಅದಕ್ಕೆ ಹೊಂದುವ ನಿಮ್ಮ ಅತಿ ಬಲವಾದ ಒಂದು ಅನುಭವ ಯಾವುದು ಎಂಬ ಎರಡು ಸಾಲು ಬರೆಯಿರಿ. ಹುದ್ದೆ ಬದಲಾದಾಗ ಈ ಎರಡು ಸಾಲು ಮತ್ತು ಕೆಲಸದ ಸಾಲುಗಳ ಕ್ರಮ ಬದಲಾಗಬೇಕು. ಒಂದೇ ಪ್ರತಿಯನ್ನು ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಗೂ ಗೆಜ್ಜಲಗೆರೆಯ ಕಾರ್ಖಾನೆಗೂ ಕಳುಹಿಸುವುದು ಇಬ್ಬರಿಗೂ ಏನನ್ನೂ ಹೇಳದೆ ಹೋದಂತೆ.

ಕಡತಕ್ಕೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರಿಡಿ. ಸಂದರ್ಶನ ಖಚಿತವೆಂದು ಹೇಳಿ ರೆಸ್ಯೂಮೆಗೆ ಸಾವಿರಗಟ್ಟಲೆ ಕೇಳುವವರಿಗೆ, ನೋಂದಣಿ ಶುಲ್ಕ ಬೇಡುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾರಿಗೆ, ಯಾವ ದಿನ, ಯಾವ ಪ್ರತಿಯನ್ನು ಕಳುಹಿಸಿದಿರಿ ಎಂಬುದನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ವಾಕ್-ಇನ್ ಸಂದರ್ಶನಕ್ಕೆ ಹೋಗುವಾಗ ಕಳುಹಿಸಿದ ಅದೇ ಪ್ರತಿಯ ಎರಡು ಪ್ರಿಂಟ್‌ಗಳು, ಲ್ಯಾಮಿನೇಷನ್ ಮಾಡಿಸದೆ, ಸಾದಾ ಬಿಳಿ ಹಾಳೆಯಲ್ಲಿ ಜೊತೆಗಿರಲಿ. ಸಂದರ್ಶಕರು ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಲೇ ಪ್ರಶ್ನೆ ಕೇಳುತ್ತಾರೆ.