ಗೇರ್ ಬಾಕ್ಸ್ ಶಬ್ದ ಎಲ್ಲಿಂದ ಬರುತ್ತಿದೆ ಎಂದು ನಾನು ಪತ್ತೆ ಮಾಡಿದ ರೀತಿ

ಗೇರ್ ನ್ಯೂಟ್ರಲ್‌ನಲ್ಲಿದ್ದು ಇಂಜಿನ್ ಓಡುತ್ತಿರುವಾಗ ಸಣ್ಣದಾಗಿ ಗರಗರ ಶಬ್ದ. ಕ್ಲಚ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ನನ್ನ ಮ್ಯಾನುಯಲ್ ಗೇರ್ ಕಾರಿನಲ್ಲಿ ಮೊದಲು ಸಿಕ್ಕ ಸುಳಿವು ಇಷ್ಟೇ. ಓಡಿಸುವಾಗ ಏನೂ ತೊಂದರೆ ಇರಲಿಲ್ಲ. ಎಲ್ಲ ಗೇರೂ ಸಲೀಸಾಗಿ ಬೀಳುತ್ತಿತ್ತು.

ಇಂಥ ಶಬ್ದ ಕೇಳಿದ ಕೂಡಲೇ ‘ಕ್ಲಚ್ ಪ್ಲೇಟ್ ಹೋಗಿದೆ’ ಎನ್ನುವವರೇ ಜಾಸ್ತಿ. ಸುಮ್ನೆ ಒಪ್ಪಿಕೊಂಡು ಪ್ಲೇಟ್ ಬದಲಾಯಿಸಲು ನನಗೆ ಮನಸ್ಸಾಗಲಿಲ್ಲ. ಶಬ್ದ ಹೇಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಕ್ಲಚ್ ಮೇಲೆ ಕಾಲು ಇಡದಿದ್ದಾಗ, ನ್ಯೂಟ್ರಲ್‌ನಲ್ಲಿದ್ದರೂ ಸಹ, ಇಂಜಿನ್ ಜೊತೆಗೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ (ಇಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿನೊಳಗೆ ತರುವ ದಂಡ) ತಿರುಗುತ್ತಿರುತ್ತದೆ. ಪೆಡಲ್ ಒತ್ತಿದರೆ ಆ ಶಾಫ್ಟ್ ನಿಲ್ಲುತ್ತದೆ. ಅದರ ಜೊತೆಗೆ ಶಬ್ದವೂ ನಿಂತರೆ ಅನುಮಾನ ಶಾಫ್ಟಿನ ಬೇರಿಂಗ್ ಮೇಲೆ. ಅದೇ, ಪೆಡಲ್ ಒತ್ತಿದಾಗಲೇ ಕಿರ್ ಎಂದು ಶುರುವಾದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ. ಪೆಡಲ್ ಒತ್ತಿ ಬಿಡುವುದರಲ್ಲೇ ಇಷ್ಟು ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ನ್ಯೂಟ್ರಲ್‌ನ ಸಣ್ಣ ಶಬ್ದ ಮೊದಲಿನಿಂದಲೂ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನನ್ನದು ಹೊಸದಾಗಿ ಶುರುವಾಗಿ ಬರುಬರುತ್ತಾ ಹೆಚ್ಚುತ್ತಿತ್ತು.

ಆದರೂ ಕ್ಲಚ್ ಪ್ಲೇಟನ್ನು ಪರೀಕ್ಷಿಸದೆ ಬಿಡಲಿಲ್ಲ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ನಾಲ್ಕನೇ ಗೇರ್‌ಗೆ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಪ್ಲೇಟ್ ಸವೆದಿದ್ದರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಮುಳ್ಳು ಸರ್ರನೆ ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ನನ್ನ ಕಾರಿನಲ್ಲಿ ಎರಡೂ ಜೊತೆಜೊತೆಗೇ ಏರಿದವು. ಪ್ಲೇಟ್ ಜಾರುತ್ತಿಲ್ಲ ಎಂದು ಖಾತ್ರಿಯಾಯಿತು.

ಆಮೇಲೆ ಗೇರ್ ಆಯಿಲ್ ಇಳಿಸಿ ನೋಡಿದೆ. ಸ್ವಲ್ಪ ದೂರ ಓಡಿಸಿ ಬಂದರೆ ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಕಾರನ್ನು ಸಮತಟ್ಟಾಗಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸದೆ ಕೆಳಗೆ ನುಗ್ಗಬೇಡಿ. ಬರೀ ಜಾಕ್ ನಂಬಿಕೊಂಡು ಯಾವತ್ತೂ ಬೇಡ. ಇನ್ನೊಂದು ಮಾತು: ಆಯಿಲ್ ತುಂಬುವ ಮೇಲಿನ ಬೋಲ್ಟ್ ಅನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನದಕ್ಕೆ ಕೈಹಾಕಿ. ಇಳಿಸಿಯಾದ ಮೇಲೆ ಮೇಲಿನದು ಬರಲೇ ಇಲ್ಲ ಅಂದರೆ ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ ಅಲ್ವಾ?

ಕೆಳಗಿನ ಬೋಲ್ಟಿನ ತುದಿಯಲ್ಲಿ ಆಯಸ್ಕಾಂತ ಇತ್ತು. ಅದಕ್ಕೆ ಅಂಟಿದ್ದನ್ನು ತೆಗೆದು ಬೆರಳಿನಿಂದ ಉಜ್ಜಿದೆ. ಕಾಡಿಗೆಯಂತೆ ನುಣ್ಣಗಿರುವ ಬೂದು ಪೇಸ್ಟ್ ಮಾತ್ರ ಇದ್ದರೆ ಚಿಂತೆಯಿಲ್ಲ, ಅದು ಮಾಮೂಲಿ ಸವೆತ. ನನಗೆ ಆ ಪೇಸ್ಟಿನ ನಡುವೆ ಉಗುರಿಗೆ ತಾಗುವ ಹೊಳೆಯುವ ಚೂರುಗಳು ಸಿಕ್ಕವು. ಉಕ್ಕಿನ ಚೂರು ಅಂದರೆ ಬೇರಿಂಗ್ ಇಲ್ಲವೇ ಗೇರಿನ ಹಲ್ಲು. ಆಯಿಲ್‌ನಲ್ಲಿ ಚಿನ್ನದ ಬಣ್ಣದ ಮಿನುಗು ಇದೆಯಾ ಎಂದೂ ಬೆಳಕಿಗೆ ಹಿಡಿದು ನೋಡಿದೆ. ಅದು ಹಿತ್ತಾಳೆ, ಆಯಸ್ಕಾಂತಕ್ಕೆ ಅಂಟುವುದಿಲ್ಲ. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊ ರಿಂಗ್ ಸವೆದಾಗ ಕಾಣುತ್ತದೆ, ಆಗ ಗೇರ್ ಬದಲಿಸುವಾಗಲೂ ಕರ್ರ್ ಎನ್ನುತ್ತದೆ. ನನ್ನದರಲ್ಲಿ ಅದಿರಲಿಲ್ಲ. ಆದರೆ ಇಳಿದ ಆಯಿಲ್ ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಟಾರ್ಚ್ ಹಾಕಿ ನೋಡಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿನ ಒಳಗೆ ಹೋಗುವ ಕಡೆ, ಆಯಿಲ್ ಸೋರದಂತೆ ತಡೆಯುವ ಸೀಲ್ ಸುತ್ತ ಒದ್ದೆ, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು.

ಗ್ಯಾರೇಜಿಗೆ ಹೋದಾಗ ‘ಶಬ್ದ ಬರ್ತಿದೆ, ನೋಡಿ’ ಎಂದಷ್ಟೇ ಹೇಳಲಿಲ್ಲ. ಕ್ಲಚ್ ಒತ್ತಿದಾಗ ಏನಾಗುತ್ತದೆ, ಬಿಟ್ಟಾಗ ಏನಾಗುತ್ತದೆ ಎಂದು ವಿವರಿಸಿ, ಆ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟೆ. ಮೆಕ್ಯಾನಿಕ್ ಬೇರೇನೂ ಕೇಳದೆ ಗೇರ್ ಬಾಕ್ಸ್ ಇಳಿಸಿದರು. ಇನ್‌ಪುಟ್ ಶಾಫ್ಟ್ ಬೇರಿಂಗಿನ ಗುಂಡುಗಳು ಉರುಳುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಗೇರಿನ ಹಲ್ಲುಗಳು ಮಾತ್ರ ಚೆನ್ನಾಗಿದ್ದವು. ಬೇರಿಂಗ್, ಸೀಲ್ ಹೊಸದು ಹಾಕಿದ್ದಾಯಿತು. ಹಾಗೇ ಓಡಿಸಿದ್ದರೆ ಬೇರಿಂಗ್ ಸಡಿಲವಾಗಿ, ಶಾಫ್ಟ್ ಜರುಗಿ, ಹಲ್ಲುಗಳೂ ಹಾಳಾಗುತ್ತಿದ್ದವು.

ಆಟೋಮ್ಯಾಟಿಕ್ ಗೇರ್ ಇರುವವರಿಗೆ ಕ್ಲಚ್ ಪೆಡಲ್‌ನ ಈ ಉಪಾಯ ಸಿಗುವುದಿಲ್ಲ. ಗೇರ್ ಲಿವರನ್ನು ‘ಡಿ’ಗೆ (ಡ್ರೈವ್, ಮುಂದೆ ಹೋಗಲು) ಹಾಕಿದ ಮೇಲೆ ಕಾರು ತಡವಾಗಿ ಹೊರಟರೆ, ಗೇರ್ ಬದಲಾಗುವಾಗ ಆರ್‌ಪಿಎಂ ಸುಮ್ಮನೆ ಏರಿ ಇಳಿದರೆ, ಒಂದೇ ವೇಗದಲ್ಲಿ ಹೋಗುವಾಗ ಕಾರು ನಡುಗಿದರೆ ಗಮನ ಕೊಡಿ. ಸಾಮಾನ್ಯವಾಗಿ ಕೆಂಪಗಿರುವ ಅದರ ಆಯಿಲ್ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ತಡ ಮಾಡಬೇಡಿ. ಮ್ಯಾನುಯಲ್ ಆಗಲಿ ಆಟೋಮ್ಯಾಟಿಕ್ ಆಗಲಿ, ಓಡುತ್ತಿರುವಾಗ ಗೇರ್ ತಾನಾಗಿ ಬಿಟ್ಟುಕೊಂಡರೆ ಮುಂದೆ ಓಡಿಸಬೇಡಿ. ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ, ಎಳೆಯುವಾಗ ಇಂಜಿನ್ ತಿರುಗಿಸುವ ಚಕ್ರಗಳು ನೆಲ ಬಿಟ್ಟಿರಲಿ.