ಬೋರಿನ ನೀರು, ಮಡಿಕೆ ಕಾಳು

ಎಂಟು ಸೀಟಿ ಹೊಡೆದರೂ ಕಡಲೆ ಬೇಯಲಿಲ್ಲ. ಕುಕ್ಕರಿನ ಮುಚ್ಚಳ ತೆಗೆದು ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದೆ. ಸಿಪ್ಪೆ ಜಾರಿತು, ಕಾಳು ಎರಡು ಹೋಳಾಗಿ ಟಪ್ಪನೆ ಸಿಡಿಯಿತು. ಮತ್ತೆ ನಾಲ್ಕು ಸೀಟಿ. ಆಗಲೂ ಅದೇ ಕಥೆ. ಕುಷ್ಟಗಿಗೆ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದ ಮೊದಲ ವಾರದ ಮಾತು ಇದು. ಅಂದು ರಾತ್ರಿ ಮೊಸರನ್ನ ಉಂಡು ಮಲಗಿದೆ. ಹಳೆಯ ಕಾಳು ಕೊಟ್ಟು ಕಳಿಸಿದ್ದಾನೆ ಎಂದು ಅಂಗಡಿಯವನ ಮೇಲೆ ಸಿಟ್ಟು ಬಂದಿತ್ತು. ಅವನ ತಪ್ಪೇನೂ ಇರಲಿಲ್ಲ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು.

ನಾನು ಹುಟ್ಟಿ ಬೆಳೆದದ್ದು ಗಂಗಾವತಿ ಹತ್ತಿರದ ಹಳ್ಳಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ಎರಡು ಹೊತ್ತೂ ಅನ್ನ, ಜೊತೆಗೆ ತೊಗರಿಬೇಳೆಯ ಸಾರು. ಇಡಿ ಕಾಳನ್ನು ನೆನೆಸಿ, ಬೇಯಿಸಿ, ಪಲ್ಯ ಮಾಡುವುದು ನಮ್ಮ ಮನೆಯಲ್ಲಿ ಅಪರೂಪ. ಕುಷ್ಟಗಿ ಅದೇ ಕೊಪ್ಪಳ ಜಿಲ್ಲೆಯ ಊರಾದರೂ ಊಟವೇ ಬೇರೆ. ಇದು ಮಳೆ ನೆಚ್ಚಿಕೊಂಡ ಬೆದ್ದಲು ಸೀಮೆ. ಸಜ್ಜೆ, ಜೋಳ, ತೊಗರಿ, ಹೆಸರು, ಮಡಿಕೆ, ಹುರುಳಿ. ಕೆಲಸ ಮಾಡುವ ಕಡೆ ಮಧ್ಯಾಹ್ನ ಸಹೋದ್ಯೋಗಿಗಳು ಬುತ್ತಿ ಬಿಚ್ಚಿದರೆ ಐದರಲ್ಲಿ ಮೂವರ ಡಬ್ಬಿಯಲ್ಲಿ ಯಾವುದಾದರೊಂದು ಕಾಳಿನ ಪಲ್ಯ ಇದ್ದೇ ಇರುತ್ತಿತ್ತು. ಅವರು ಕೊಟ್ಟ ಒಂದು ತುತ್ತು ಮಡಿಕೆ ಕಾಳಿನ ಪಲ್ಯವನ್ನು ರೊಟ್ಟಿಯಲ್ಲಿ ಸುತ್ತಿ ತಿಂದ ದಿನವೇ ನಿರ್ಧರಿಸಿದೆ, ಇದನ್ನು ಕಲಿಯಬೇಕು ಎಂದು.

ಕಲಿಯಲು ಹೋದರೆ ಕಾಳು ಬೇಯಲೊಲ್ಲದು.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜಿಯಿಂದ. ನನ್ನ ಅಡುಗೆಮನೆಗೆ ಬಂದವರು ಕಾಳನ್ನು ನೋಡಲೇ ಇಲ್ಲ, ನೀರು ಕಾಯಿಸುವ ಪಾತ್ರೆಯನ್ನು ಎತ್ತಿ ಒಳಗೆ ಬೆರಳಾಡಿಸಿದರು. ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿತ್ತು. "ಈ ನೀರಿಗೆ ಬೇಳೆಯೇ ಬೇಯುವುದಿಲ್ಲ, ಕಡಲೆ ಹೇಗೆ ಬೇಯುತ್ತದೆ? ಕುಡಿಯುವ ನೀರು ಹಾಕು" ಎಂದರು. ಬೇಳೆ ಬೇಯುವುದಿಲ್ಲ ಎಂಬ ಮಾತನ್ನು ಯಾರದೋ ಹಂಚಿಕೆ ಫಲಿಸದಿದ್ದಾಗ ಬಳಸಿಯೇ ನಮಗೆ ರೂಢಿ. ಬೋರಿನ ನೀರಿನ ಊರಿನಲ್ಲಿ ಅದು ಅಕ್ಷರಶಃ ನಿಜ.

ಆಮೇಲೆ ಓದಿ ತಿಳಿದುಕೊಂಡೆ. ಕಾಳಿನ ಒಳಗಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಪೆಕ್ಟಿನ್ ಎನ್ನುತ್ತಾರೆ. ಬೇಯುವುದು ಎಂದರೆ ಮುಖ್ಯವಾಗಿ ಈ ಅಂಟು ಕರಗಿ ಕೋಶಗಳು ಬಿಡಿಬಿಡಿಯಾಗುವುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿಯುತ್ತವೆ. ಉಪ್ಪಿನ ಸೋಡಿಯಂ ಇದಕ್ಕೆ ತದ್ವಿರುದ್ಧ: ಕ್ಯಾಲ್ಸಿಯಂ ಕುಳಿತ ಜಾಗಕ್ಕೆ ತಾನು ಬಂದು ಬಿಗಿಯನ್ನು ಸಡಿಲಿಸುತ್ತದೆ. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದರು, ನಾನೂ ನಂಬಿದ್ದೆ. ಬೇಯುವುದನ್ನು ತಡೆಯುವುದು ಉಪ್ಪಲ್ಲ, ಹುಳಿ. ಹುಣಸೆಹಣ್ಣು, ಟೊಮೆಟೊ ಕಾಳು ಮೆತ್ತಗಾದ ಮೇಲೆಯೇ ಬೀಳಬೇಕು.

ಓದಿದ್ದನ್ನು ಕಣ್ಣಾರೆ ನೋಡಬೇಕೆನಿಸಿತು. ಒಂದು ಭಾನುವಾರ ಒಂದೇ ಚೀಲದ ಕಡಲೆಯನ್ನು ನೂರು ನೂರು ಗ್ರಾಂ ತೂಗಿ ಮೂರು ಡಬರಿಗಳಲ್ಲಿ ಹಿಂದಿನ ರಾತ್ರಿಯೇ ನೆನೆಹಾಕಿದೆ. ಮೊದಲನೆಯದಕ್ಕೆ ನಲ್ಲಿಯಲ್ಲಿ ಬರುವ ಬೋರಿನ ನೀರು. ಎರಡನೆಯದಕ್ಕೆ ಓಣಿಯ ತುದಿಯ ಶುದ್ಧ ನೀರಿನ ಘಟಕದಿಂದ ತಂದ ನೀರು. ಮೂರನೆಯದಕ್ಕೆ ಬೋರಿನ ನೀರೇ, ಆದರೆ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು. ಬೆಳಿಗ್ಗೆ ಮೂರನ್ನೂ ತೊಳೆದು, ಕುಕ್ಕರ್ ಬೇಡವೆಂದು ತೆರೆದ ಪಾತ್ರೆಯಲ್ಲಿ ಆಯಾ ನೀರಿನಲ್ಲಿಯೇ ಕುದಿಯಲು ಇಟ್ಟೆ. ಹತ್ತು ನಿಮಿಷಕ್ಕೊಮ್ಮೆ ಪ್ರತಿ ಪಾತ್ರೆಯಿಂದ ಒಂದೊಂದು ಕಾಳು ತೆಗೆದು ಒತ್ತಿ ನೋಡಿದೆ. ಘಟಕದ ನೀರಿನದು ಒಂದು ಗಂಟೆ ಹತ್ತು ನಿಮಿಷಕ್ಕೆ ಬೆಣ್ಣೆಯಾಯಿತು. ಉಪ್ಪುನೀರಿನಲ್ಲಿ ನೆನೆದದ್ದು ಒಂದೂಮುಕ್ಕಾಲು ಗಂಟೆ ತೆಗೆದುಕೊಂಡರೂ ಸಿಪ್ಪೆ ಒಡೆಯದೆ ದುಂಡಗೆ ಉಳಿದು, ಒಳಗೆಲ್ಲ ಒಂದೇ ಹದಕ್ಕೆ ಬಂದಿತ್ತು. ಬರಿಯ ಬೋರಿನ ನೀರಿನದು ಎರಡೂವರೆ ಗಂಟೆಯಾದರೂ ನಡುವೆ ಹಿಟ್ಟುಹಿಟ್ಟು. ಗ್ಯಾಸು ಬಹಳ ಖರ್ಚಾಯಿತು. ಆದರೆ ಆ ಮೂರು ಪಾತ್ರೆಗಳ ಮುಂದೆ ಕಳೆದ ಬೆಳಗು ನನಗೆ ಕೊಟ್ಟ ಸಂತೋಷಕ್ಕೆ ಅದು ಹೆಚ್ಚಲ್ಲ.

ಅಂದಿನಿಂದ ಬೇಯಿಸಲು ಘಟಕದ ನೀರೇ ಬಳಸುತ್ತೇನೆ. ಐದು ರೂಪಾಯಿಗೆ 20 ಲೀಟರ್ ಕ್ಯಾನು ತುಂಬುತ್ತದೆ, ಕಾಳಿಗೆ ಬೇಕಾಗುವುದು ಒಂದೆರಡು ಲೀಟರ್. ನೆನೆಸುವ ನೀರಿಗೆ ಉಪ್ಪು ಹಾಕುವುದನ್ನೂ ಬಿಟ್ಟಿಲ್ಲ. ಅಡುಗೆ ಸೋಡ ಚಿಟಿಕೆ ಹಾಕಿದರೆ ಬೇಗ ಬೇಯುತ್ತದೆ ನಿಜ, ಖಾನಾವಳಿಗಳಲ್ಲಿ ಹಾಕುವವರಿದ್ದಾರೆ. ಅದು ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ಸ್ವಲ್ಪ ಹೆಚ್ಚಾದರೆ ಕಾಳು ಲೋಳೆಯಾಗಿ ಸಾಬೂನಿನ ವಾಸನೆ ಬರುತ್ತದೆ. ಬೇರೆ ನೀರು ಸಿಗದ ಊರಿನಲ್ಲಿದ್ದರೆ ಹಾಕಬಹುದು, ಇಲ್ಲದಿದ್ದರೆ ನನಗೆ ಬೇಡ.

ಈಗ ಮಡಿಕೆ ಕಾಳಿಗೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ.

ಅಕ್ಕಿಕಾಳಿನಷ್ಟು ಉದ್ದ, ಅದಕ್ಕಿಂತ ಕೊಂಚ ದಪ್ಪ, ಕಂದುಬಣ್ಣ. ಬರವನ್ನು ತಾಳಿಕೊಳ್ಳುವ ಬಳ್ಳಿ, ನೆಲಕ್ಕೆ ಚಾಪೆಯಂತೆ ಹಬ್ಬಿ ತೇವವನ್ನು ಕಾಪಾಡುತ್ತದೆ. ಸಂತೆಯಿಂದ ತಂದ ಕಾಳನ್ನು ಮೊರದಲ್ಲಿ ಹರಡಿ ಹರಳು ಆರಿಸುವುದು ಮೊದಲ ಕೆಲಸ. ಇದನ್ನು ಬೆಳಕಿರುವಾಗಲೇ ಮಾಡುತ್ತೇನೆ, ಏಕೆಂದರೆ ಕೆಂಪು ಮಣ್ಣಿನ ಹರಳು ಮಡಿಕೆಯ ಬಣ್ಣದ್ದೇ ಇರುತ್ತದೆ. ಬೆಳಿಗ್ಗೆ ನೆನೆಹಾಕಿದರೆ ಸಂಜೆಗೆ ಎರಡರಷ್ಟು ಉಬ್ಬುತ್ತದೆ. ಆಗ ಇನ್ನೊಂದು ಆರಿಕೆ ಇದೆ, ಅದನ್ನು ಬಿಟ್ಟರೆ ಊಟದಲ್ಲಿ ಹಲ್ಲು ಮುರಿಯುತ್ತದೆ. ಎಷ್ಟು ನೆನೆಸಿದರೂ ನೀರು ಕುಡಿಯದ ಕೆಲವು ಕಾಳುಗಳು ಇದ್ದೇ ಇರುತ್ತವೆ, ಹೆಸರಿನಲ್ಲೂ ಇರುತ್ತವೆ. ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಅಗಲ ತಟ್ಟೆಯಲ್ಲಿ ಹರಡಿ ಅಂಗೈಯಿಂದ ಮೆಲ್ಲಗೆ ಉಜ್ಜಿದರೆ ಉಬ್ಬಿದವುಗಳ ನಡುವೆ ಅವು ಮಣಿಯ ಹಾಗೆ ಉರುಳುತ್ತವೆ. ಆರಿಸಿ ತೆಗೆಯುತ್ತೇನೆ.

ಬಳಿಕ ನೀರು ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಕಿಟಕಿಯ ಸರಳಿಗೆ ತೂಗು ಹಾಕುತ್ತೇನೆ. ಬೇಸಿಗೆಯಲ್ಲಿ ಹನ್ನೆರಡು ಗಂಟೆ ಸಾಕು, ಮಾಗಿಯಲ್ಲಿ ಒಂದೂವರೆ ದಿನ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು, ಗಂಟನ್ನು ಬಿಗಿಯಾಗಿ ಕಟ್ಟಬಾರದು. ಮೊಳಕೆಗೆ ಉಸಿರಾಡಲು ಜಾಗ ಬೇಕು. ಬಿಚ್ಚಿದಾಗ ಒಂದು ವಾಸನೆ ಬರುತ್ತದೆ: ಮೊದಲ ಮಳೆಗೆ ನೆನೆದ ಹೊಲದ್ದೂ ಹೌದು, ಹಸಿ ಶೇಂಗಾದ್ದೂ ಹೌದು. ಮೊಳಕೆ ಅರ್ಧ ಬೆರಳಿನ ಗಣ್ಣಿನಷ್ಟು ಬಂದಿದ್ದರೆ ಹದ. ಉದ್ದವಾದರೆ ಪಲ್ಯ ನಾರುನಾರಾಗುತ್ತದೆ.

ಒಗ್ಗರಣೆಗೆ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಆರೇಳು ಎಸಳು, ಕರಿಬೇವು. ಹೆಚ್ಚಿದ ಒಂದು ಉಳ್ಳಾಗಡ್ಡಿ ಬಾಡಿದ ಮೇಲೆ ಅರಿಸಿನ, ಕೆಂಪು ಖಾರ, ಉಪ್ಪು, ಮೊಳಕೆ ಕಾಳು. ಅರ್ಧ ಲೋಟ ನೀರು ಹಾಕಿ, ಮುಚ್ಚಳದ ಮೇಲೂ ಸ್ವಲ್ಪ ನೀರಿಟ್ಟು, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಕುಕ್ಕರಿಗೆ ಹಾಕಿದರೆ ಮೊಳಕೆ ಕರಗಿ ಮುದ್ದೆಯಾಗುತ್ತದೆ. ಕೊನೆಗೆ ಹುರಿದು ಕುಟ್ಟಿದ ಗುರೆಳ್ಳಿನ ಪುಡಿ ಎರಡು ಚಮಚ, ಹುಣಸೆ ರಸ ಒಂದಿಷ್ಟು, ಅಡಕೆಯಷ್ಟು ಬೆಲ್ಲ. ಗುರೆಳ್ಳು ಬೀಳುತ್ತಲೇ ಪಲ್ಯದ ಬಣ್ಣ ಬೂದಿಗೆ ತಿರುಗಿ ಎಣ್ಣೆಯ ಮಿರುಗು ಬರುತ್ತದೆ. ಇದಿಲ್ಲದೆಯೂ ಮಾಡುವವರಿದ್ದಾರೆ, ಗುರೆಳ್ಳಿಲ್ಲದ ಮಡಿಕೆ ಪಲ್ಯ ನನಗೆ ಪೂರ್ತಿ ಎನ್ನಿಸುವುದಿಲ್ಲ.

ತಿನ್ನುವುದು ಜೋಳದ ಬಿಸಿ ರೊಟ್ಟಿಯ ಜೊತೆ. ರೊಟ್ಟಿ ಮುರಿದು, ಪಲ್ಯವನ್ನು ಒತ್ತಿ ಹಿಡಿದು, ಮೇಲೆ ಹಸಿ ಉಳ್ಳಾಗಡ್ಡಿಯ ಒಂದು ಎಸಳು. ಒಂದೊಂದು ಕಾಳೂ ಬಾಯಿಯಲ್ಲಿ ಬೇರೆಬೇರೆಯಾಗಿ ಒಡೆಯುತ್ತದೆ, ಒಳಗೆ ಮೆತ್ತಗೆ, ಮೊಳಕೆಯ ಕಡೆ ಸ್ವಲ್ಪ ಗರಿ. ಬೇಳೆಯ ಸಾರನ್ನು ಉಣ್ಣುತ್ತಾ ಬೆಳೆದ ನನಗೆ ಅಗಿಯುವ ಈ ಸುಖ ಹೊಸದು. ನಿಧಾನವಾಗಿ ಊಟ ಮಾಡಲು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ.

ಹುರುಳಿಯದ್ದು ಬೇರೆ ಸಂಭ್ರಮ. ಅದನ್ನು ಬೇಯಿಸಿ ಬಸಿದ ಕಟ್ಟು ಗಟ್ಟಿಯಾಗಿ, ಕಂದಾಗಿ ಇಳಿಯುತ್ತದೆ. ಒಂದು ಹಿಡಿ ಬೆಂದ ಕಾಳನ್ನೇ ಸುಟ್ಟ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಜೀರಿಗೆಯ ಜೊತೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮರುದಿನಕ್ಕೆ ಇನ್ನೂ ರುಚಿ. ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡದ ಉತ್ಖನನದಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ, ನವಶಿಲಾಯುಗದ ಜನ ಉಂಡು ಉಳಿದದ್ದು. ಜೋಳ ಆಫ್ರಿಕಾದಿಂದ ಬಂದದ್ದು, ನಮ್ಮ ಊಟದಲ್ಲಿ ಅದು ನೆಲೆಯೂರಿದ್ದು ಆಮೇಲೆ. ಮೆಣಸಿನಕಾಯಿ ಬಂದದ್ದಂತೂ ಪೋರ್ಚುಗೀಸರ ಕಾಲದಲ್ಲಿ. ಹುರುಳಿಯ ಡಬರಿಯ ಮುಂದೆ ನಿಂತಾಗಲೆಲ್ಲ ಇದು ನೆನಪಾಗುತ್ತದೆ. ರೊಟ್ಟಿಗಿಂತ, ಖಾರಕ್ಕಿಂತ ಮೊದಲೇ ಈ ಕಲ್ಲುಗುಡ್ಡಗಳ ನಡುವೆ ಯಾರೋ ಹುರುಳಿ ಮೆತ್ತಗಾಯಿತೇ ಎಂದು ಒತ್ತಿ ನೋಡುತ್ತಿದ್ದರು.

ಕಾಳು ಕೊಳ್ಳುವಾಗ ಯಾವ ಸುಗ್ಗಿಯದು ಎಂದು ಕೇಳುತ್ತೇನೆ. ಮುಂಗಾರಿ ಹೆಸರು ಆಗಸ್ಟ್, ಸೆಪ್ಟೆಂಬರಿನಲ್ಲಿ ಬರುತ್ತದೆ, ಎರೆ ಭೂಮಿಯ ಕಡಲೆ ಫೆಬ್ರುವರಿಯ ಹೊತ್ತಿಗೆ. ಸೆಕೆಯಲ್ಲಿ ವರ್ಷಗಟ್ಟಲೆ ಇಟ್ಟ ಕಾಳು ಒಳ್ಳೆಯ ನೀರಿನಲ್ಲಿಯೂ ಹಟ ಹಿಡಿಯುತ್ತದೆ. ರಾಜ್ಮಾ ಮಾಡುವವರಿಗೆ ಒಂದು ಮಾತು ಮಾತ್ರ: ಅದರಲ್ಲಿ ಹೊಟ್ಟೆ ಕೆಡಿಸುವ ವಿಷಾಂಶವಿದೆ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಭರ್ರೆಂದು ಕುದಿಸಿಯೇ ಮುಂದುವರಿಯಬೇಕು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ವಿಷ ಹೋಗುವುದಿಲ್ಲ.

ಕಳೆದ ಎಳ್ಳ ಅಮಾವಾಸ್ಯೆಗೆ ಆ ಅಜ್ಜಿಯ ಮನೆಯವರು ನನ್ನನ್ನೂ ಹೊಲಕ್ಕೆ ಕರೆದರು. ಚರಗ ಚೆಲ್ಲಿ ಬಂದ ಮೇಲೆ ಬನ್ನಿಗಿಡದ ನೆರಳಿನಲ್ಲಿ ಬುತ್ತಿಗಳು ಬಿಚ್ಚಿಕೊಂಡವು: ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಮೂರು ಬಗೆಯ ಚಟ್ನಿ. ನಾನು ಒಯ್ದದ್ದು ಒಂದು ದೊಡ್ಡ ಡಬ್ಬಿ ಮಡಿಕೆ ಪಲ್ಯ. ಅಜ್ಜಿ ಅದರಿಂದ ಒಂದು ಕಾಳು ತೆಗೆದು ಎರಡು ಬೆರಳಿನ ನಡುವೆ ಒತ್ತಿದರು. ಏನೂ ಹೇಳಲಿಲ್ಲ. ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಮೊಮ್ಮಕ್ಕಳ ರೊಟ್ಟಿಗಳ ಮೇಲೆ ಒಂದೊಂದು ಚಮಚ ಇಟ್ಟು, ಉಳಿದದ್ದನ್ನು ತಮ್ಮ ತಟ್ಟೆಗೆ ಸುರಿದುಕೊಂಡರು.