ಅಪ್ರೆಂಟಿಸ್ ಹುಡುಗರಿಗೆ ಬೆಳಗಿನ ಒಂದು ಗಂಟೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗಳಿಗೆ, ಅಂದರೆ ಎರಕ ಹೊಯ್ದ ಲೋಹದ ಭಾಗಗಳಿಗೆ, ಲೇತ್ ಯಂತ್ರದಲ್ಲಿ ಟರ್ನಿಂಗ್ (ಹೊರಮೈ ಕೊರೆದು ಅಳತೆಗೆ ತರುವುದು), ಬೋರಿಂಗ್ (ಒಳಗಿನ ತೂತನ್ನು ಕೊರೆದು ಅಳತೆಗೆ ತರುವುದು) ಮಾಡಿ ಕೊಡುತ್ತೇವೆ. 22 ಜನ ಕೆಲಸಗಾರರಿದ್ದಾರೆ. 2018ರಿಂದ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತಗೊಳ್ಳುತ್ತಿದ್ದೇನೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಕೆಲವು ಸ್ನೇಹಿತರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಂಥವರಿಗೆ ಇದು ಕಡ್ಡಾಯ ಅಲ್ಲ. 2019ರಲ್ಲಿ ಬದಲಾದ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಮಾಲೀಕರ ಇಷ್ಟ. ನನಗೆ ಬೇಕಾಗಿತ್ತು, ಯಾಕಂದರೆ ಲೇತ್ ನಡೆಸುವ ಒಳ್ಳೆಯ ಟರ್ನರ್ ಸಿಗುತ್ತಿರಲಿಲ್ಲ. ಇದ್ದ ಹಿರಿಯ ಟರ್ನರ್‌ಗೆ ಆಗಲೇ ವಯಸ್ಸಾಗಿತ್ತು. ಅವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ ತಂದಿತ್ತು. ಅಪ್ರೆಂಟಿಸ್‌ಗೆ ನಿಗದಿಯಾದ ಸ್ಟೈಪೆಂಡಿನಲ್ಲಿ (ತಿಂಗಳ ಭತ್ಯೆಯಲ್ಲಿ) ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದೆ. ಆಗ ಒಟ್ಟು ಜನರಲ್ಲಿ ಶೇ. 10ರವರೆಗೆ ತಗೊಳ್ಳಬಹುದಿತ್ತು, ಅಂದರೆ ನನಗೆ ಇಬ್ಬರು. ಈಗ ಶೇ. 15 ಆಗಿದೆ, ಮೂವರು ಬರುತ್ತಾರೆ.

ಆ ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಇಬ್ಬರಿಗೂ ಚಿಪ್ಸ್ (ಲೋಹದ ಚೂರು) ಗುಡಿಸುವುದು, ಬರ್ (ಅಂಚಿನಲ್ಲಿ ಉಳಿದ ಮುಳ್ಳು) ತೆಗೆಯುವುದು, ಕಾಸ್ಟಿಂಗ್ ಎತ್ತಿ ಇಡುವುದು, ಇಷ್ಟೇ ಕೆಲಸ. ಮೂರನೇ ತಿಂಗಳಲ್ಲಿ ಒಬ್ಬ ಹುಡುಗ ಬಂದು ಬಿಡ್ತೀನಿ ಅಂದ. ಯಾಕಪ್ಪಾ ಅಂತ ಕೇಳಿದೆ. "ಸರ್, ಐಟಿಐದಾಗ ಇದಕ್ಕಿಂತ ಜಾಸ್ತಿ ಲೇತ್ ಮುಟ್ಟಿದ್ದೆ ರಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನ ಒಪ್ಪಂದ ರದ್ದಾಯಿತು, ಅವನು ಊರಿಗೆ ಹೋದ.

ಆಮೇಲೆ ಕುಳಿತು 1961ರ ಅಪ್ರೆಂಟಿಸ್ ಕಾಯ್ದೆ ಓದಿದೆ. ಅಪ್ರೆಂಟಿಸ್ ಅಂದರೆ ಕೆಲಸಗಾರ ಅಲ್ಲ, ಕಲಿಯಲು ಬಂದವನು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅದಕ್ಕೇ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ. ಇದನ್ನು ಅಗ್ಗದ ಕೂಲಿಗೆ ದಾರಿ ಅಂತ ತಿಳಿಯುವವರಿದ್ದಾರೆ, ನಾನೂ ಹಾಗೇ ನಡೆದುಕೊಂಡಿದ್ದೆ. ಅದೇ ಕಾಯ್ದೆಯಲ್ಲಿ ಕಲಿಸುವ ಹೊಣೆ ಮಾಲೀಕನದು ಅಂತಲೂ ಇದೆ. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡಬೇಕಾದವನೂ ಅವನೇ. ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಕಲಿಸಿ ಅಂತ ಕಾಕಾಗೆ ಹೇಳಿದೆ. ಅವರು ನೇರವಾಗಿಯೇ ಕೇಳಿದರು: "ಕಲಸ್ಲಿಕ್ಕೆ ನನಗ ಟೈಮ್ ಎಲ್ಲೈತ್ರಿ ಸರ್? ನಾಳೆ ಪೀಸ್ ಕಡಿಮಿ ಆದ್ರ ನೀವ ಕೇಳ್ತೀರಿ." ನಿಜವೇ ಅಲ್ವಾ? ದಿನಕ್ಕೆ ಇಷ್ಟು ಪೀಸ್ ಆದರೆ ಇನ್ಸೆಂಟಿವ್ ಅಂತ ನಾನೇ ಇಟ್ಟಿದ್ದೆ. ಹುಡುಗನಿಗೆ ಹೇಳಿಕೊಡುತ್ತಾ ನಿಂತರೆ ಅವರ ಜೇಬಿನ ದುಡ್ಡು ಹೋಗುತ್ತಿತ್ತು. ಯಾರು ತಾನೆ ಕಲಿಸುತ್ತಾರೆ?

ಆಗ ಒಂದು ನಿರ್ಧಾರ ಮಾಡಿದೆ. ಬೆಳಗ್ಗೆ 8ರಿಂದ 9ರವರೆಗೆ ಕಾಕಾ ಅವರ ಲೇತ್‌ನಲ್ಲಿ ಪ್ರೊಡಕ್ಷನ್ ಇಲ್ಲ. ಆ ಗಂಟೆ ಅಪ್ರೆಂಟಿಸ್‌ಗಳದ್ದು. ಕಾಕಾಗೆ ಪೂರ್ತಿ ಸಂಬಳ. ಇನ್ಸೆಂಟಿವ್ ಲೆಕ್ಕ 9 ಗಂಟೆಯಿಂದ ಶುರು, ಟಾರ್ಗೆಟ್ ಕೂಡ ಅಷ್ಟು ಕಡಿಮೆ. ಆರ್ಡರ್ ಎಷ್ಟೇ ಒತ್ತಡದಲ್ಲಿದ್ದರೂ ಆ ಗಂಟೆ ಕಸಿಯಬಾರದು ಅಂತ ನಾನೇ ಸೂಪರ್‌ವೈಸರ್‌ಗೆ ಹೇಳಿಟ್ಟೆ. ಮೊದಲ ಎರಡು ತಿಂಗಳು ಅದನ್ನು ಉಳಿಸಿಕೊಳ್ಳಲು ಬಹಳ ಕಷ್ಟಪಟ್ಟೆ. ಒಂದು ದಿನ ಬಿಟ್ಟರೆ ಮಾರನೇ ದಿನವೂ ಬಿಟ್ಟುಹೋಗುತ್ತದೆ.

ಆ ಗಂಟೆಯಲ್ಲಿ ಏನು ಕಲಿಸಬೇಕು ಅನ್ನುವುದನ್ನು ಕಾಕಾ ಅವರೇ ಹಾಕಿಕೊಟ್ಟರು. ಮೊದಲ ವಾರ ಲೇತ್ ಇಲ್ಲ, ಅಳತೆ ಮಾತ್ರ. ಒಂದೇ 10 ಪೀಸ್‌ಗಳನ್ನು ಒಬ್ಬೊಬ್ಬರೂ ಮೈಕ್ರೋಮೀಟರ್‌ನಲ್ಲಿ (ಸೂಕ್ಷ್ಮ ಅಳತೆಯ ಉಪಕರಣ) ಅಳೆದು ಬರೆಯಬೇಕು. ಆಮೇಲೆ ಚೀಟಿಗಳನ್ನು ಜೊತೆಗಿಟ್ಟು ನೋಡುವುದು. ಶುರುವಿನಲ್ಲಿ ಒಂದೇ ಪೀಸಿಗೆ ಮೂವರದ್ದೂ ಬೇರೆ ಬೇರೆ. ಒಬ್ಬ ಥಿಂಬಲ್ (ಅದರ ತಿರುಗಿಸುವ ಹಿಡಿ) ಹಿಡಿದು ಬಿಗಿಯಾಗಿ ತಿರುಗಿಸುತ್ತಾನೆ, ಒಬ್ಬ ರ‍್ಯಾಚೆಟ್ (ಒತ್ತಡ ಒಂದೇ ಸಮ ಇರಿಸುವ ತುದಿ) ಬಳಸುತ್ತಾನೆ, ಇನ್ನೊಬ್ಬ ಪೀಸ್ ಒರೆಸಿರುವುದಿಲ್ಲ. ವಾರದ ಕೊನೆಗೆ 0.01 ಮಿಲಿಮೀಟರ್ ಒಳಗೆ ಮೂವರದ್ದೂ ಕೂಡಿಬಂದರೆ ಮುಂದಿನ ಪಾಠ. ಇದನ್ನು ನೋಡಿ ನಮ್ಮ ಹಳೆಯ ಆಪರೇಟರ್‌ಗಳನ್ನೂ ಒಂದು ದಿನ ಅಳೆಯಲು ಕೂರಿಸಿದೆ. ಅಲ್ಲೂ ವ್ಯತ್ಯಾಸ ಸಿಕ್ಕಿತು!

ಆಮೇಲೆ ಪೀಸನ್ನು ಹಿಡಿಯುವ ನಾಲ್ಕು ದವಡೆಯ ಚಕ್‌ನಲ್ಲಿ ಅಳತೆಯ ಡಯಲ್ ಇಟ್ಟು ಸೆಂಟರ್ ಮಾಡುವುದು (ಪೀಸ್ ಸರಿಯಾಗಿ ನಡುವೆ ತಿರುಗುವಂತೆ ಕೂರಿಸುವುದು), ಟೂಲ್ ಅರೆಯುವುದು, ಬೋರಿಂಗ್. ಅಭ್ಯಾಸಕ್ಕೆ ಹೊಸ ಮಾಲು ಬೇಕಿಲ್ಲ. ಬ್ಲೋಹೋಲ್ (ಎರಕದಲ್ಲಿ ಗಾಳಿಯ ತೂತು) ಬಂದು ರಿಜೆಕ್ಟ್ ಆದ ಕಾಸ್ಟಿಂಗ್‌ಗಳಲ್ಲಿ ಕೆಲವನ್ನು ಫೌಂಡ್ರಿಯವರನ್ನು ಕೇಳಿ ಇಟ್ಟುಕೊಳ್ಳುತ್ತೇವೆ. ಕೆಟ್ಟರೆ ಕೆಡಲಿ, ಹೇಗೂ ಮತ್ತೆ ಕರಗಿಸುವ ಮಾಲು. ಹುಡುಗರ ಭಯ ಅರ್ಧ ಅಲ್ಲೇ ಹೋಗುತ್ತದೆ. ದಿನ ಏನು ಮಾಡಿದೆವು ಅನ್ನುವುದನ್ನು ಅವರೇ ಪುಸ್ತಕದಲ್ಲಿ ಬರೆಯುತ್ತಾರೆ, ಕಾಕಾ ಸಹಿ ಹಾಕುತ್ತಾರೆ. ತರಬೇತಿಯ ದಾಖಲೆ ಇಡುವುದು ಕಾಯ್ದೆಯಲ್ಲೂ ಇದೆ. ಸುಮ್ನೆ ತಿಂಗಳ ಕೊನೆಗೆ ಒಟ್ಟಿಗೆ ತುಂಬಿಸಿದರೆ ಯಾರಿಗೂ ಉಪಯೋಗವಿಲ್ಲ. ವರ್ಷದ ಕೊನೆಗೆ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಓದುವಾಗ ಅದೇ ಪುಸ್ತಕ ಅವರ ಕೈಯಲ್ಲಿರುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ 7,000 ರೂಪಾಯಿ. ಅದರ ಶೇ. 25 ಅಂದರೆ 1,750, ಆದರೆ ಸರ್ಕಾರದಿಂದ ಬರುವುದು 1,500. ಮೊದಲು ನಾವು ಪೂರ್ತಿ ಕೊಟ್ಟು ಆಮೇಲೆ ಕ್ಲೇಮ್ ಮಾಡಬೇಕಿತ್ತು. 2023ರಿಂದ ಸರ್ಕಾರದ ಪಾಲು ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಹೋಗುತ್ತಿದೆ. ಒಳ್ಳೆಯ ಬದಲಾವಣೆ. ಸೇರಿದ ದಿನವೇ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ. ನಾನು ಒಮ್ಮೆ ವಿಚಾರಿಸಲಿಲ್ಲ, ಪಾಪ, ಹುಡುಗನಿಗೆ ದುಡ್ಡು ಬರುವುದು ತಡವಾಯಿತು.

ಖಾನಾಪುರದ ಹಳ್ಳಿಯಿಂದ ಬಂದು ರೂಮ್ ಮಾಡಿಕೊಂಡಿರುವವನಿಗೆ 7,000 ಸಾಲುವುದಿಲ್ಲ. ಅದು ಕನಿಷ್ಠ ಮೊತ್ತ, ಜಾಸ್ತಿ ಕೊಡಬಾರದು ಅಂತ ಎಲ್ಲೂ ಇಲ್ಲ. ನಾನು 10,000 ಕೊಡುತ್ತೇನೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 5,000ದಿಂದ 9,000 ಇದ್ದ ಸ್ಟೈಪೆಂಡನ್ನು 6,800ರಿಂದ 12,300ಕ್ಕೆ ಏರಿಸಲು ಶಿಫಾರಸು ಮಾಡಿತು. ಏರಿಸಲೇಬೇಕಾದ ಮೊತ್ತ ಅದು.

ಆದರೆ ನನ್ನ ಖರ್ಚಿನಲ್ಲಿ ದೊಡ್ಡದು ಸ್ಟೈಪೆಂಡ್ ಅಲ್ಲ. ಕಾಕಾ ಅವರ ಆ ಒಂದು ಗಂಟೆ ಮತ್ತು ಆ ಗಂಟೆ ನಿಲ್ಲುವ ಲೇತ್. ಹುಡುಗನ ಕೈಗೆ ಹೋಗುವ 1,500ರ ಜೊತೆಗೆ ಕಲಿಸುವವನ ಸಮಯಕ್ಕೂ ಸರ್ಕಾರ ಒಂದಿಷ್ಟು ಕೊಟ್ಟರೆ ಸಣ್ಣ ಶಾಪ್‌ಗಳು ಧೈರ್ಯ ಮಾಡುತ್ತವೆ. ಕಲಿಸುವುದು ಹೇಗೆ ಅಂತ ನಮ್ಮ ಮೇಸ್ತ್ರಿಗಳಿಗೆ ನಾಲ್ಕು ದಿನ ತರಬೇತಿ ಕೊಟ್ಟರೂ ಸಾಕು. ಎಷ್ಟು ಜನ ಸೇರಿದರು ಅನ್ನುವ ಲೆಕ್ಕದಷ್ಟೇ, ಅವರು ಲೇತ್ ಮುಟ್ಟಿದರಾ ಅನ್ನುವ ಲೆಕ್ಕವೂ ಬೇಕು.

ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ನನ್ನಲ್ಲಿ ಕಲಿತವರಲ್ಲಿ ಐದು ಜನ ಇಲ್ಲೇ ಉಳಿದಿದ್ದಾರೆ. ಬೇರೆಯವರು ಪುಣೆ, ಬೆಂಗಳೂರು ಅಂತ ಹೋದರು. ಕಲಿತವರು ಹೋಗುತ್ತಾರಲ್ಲ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಹೋಗಲಿ. ಒಳ್ಳೆಯ ಸಂಬಳ ಸಿಕ್ಕಿದೆ ಅಂತ ಫೋನ್ ಮಾಡಿದಾಗ ನನಗೆ ನಿಜವಾಗಲೂ ಖುಷಿಯಾಗುತ್ತದೆ.

ಒಂದು ವಿಷಯ ಬಹಳ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಿಂದೆ ಟರ್ನರ್ ಟ್ರೇಡ್ ಮುಗಿಸಿದ ಇಬ್ಬರು ಹುಡುಗಿಯರು ಕೇಳಿಕೊಂಡು ಬಂದಿದ್ದರು. ಶಾಪ್‌ನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಇರಲಿಲ್ಲ, ಆಗಲ್ಲಮ್ಮಾ ಅಂತ ಕಳಿಸಿಬಿಟ್ಟೆ. ಈ ಬೇಸಿಗೆಯಲ್ಲಿ ಕಟ್ಟಿಸಿದೆ. ಈಗಿನ ಮೂವರಲ್ಲಿ ಒಬ್ಬಳು ಹುಡುಗಿ. ಮೊನ್ನೆ ನಾಲ್ಕು ದವಡೆಯ ಚಕ್‌ನಲ್ಲಿ ಮೊದಲ ಸಲ ಒಬ್ಬಳೇ ಸೆಂಟರ್ ಮಾಡಿದಳು. ಕಾಕಾ ಪಕ್ಕದಲ್ಲೇ ನಿಂತಿದ್ದರು, ಕೈ ಹಾಕಲಿಲ್ಲ.